ಶೇಡಿಮಣ್ಣಿನ ಗೋಡೆ ಮತ್ತು ಪರಮ ಲಾಭದ ಗಣಿತ

ಗಣಿತ ಓದಿ ಗಣಿ ಕಂಪನಿಗೆ ಸೇರಲು ಹೊರಟ ಮಕ್ಕಳು ಇತ್ತೀಚೆಗೆ ನನ್ನ ಮನೆಗೆ ಬರತೊಡಗಿದ್ದಾರೆ. ಎಲ್ಲರ ಬೆನ್ನಿಗೂ ಲ್ಯಾಪ್‌ಟಾಪು, ಎಲ್ಲರ ಬಾಯಲ್ಲೂ ‘ಆಪ್ಟಿಮೈಸೇಶನ್’. ಆ ಪದವನ್ನು ಅವರು ಉಚ್ಚರಿಸುವ ಭಕ್ತಿ ನೋಡಿದರೆ ನನಗೂ ಎದ್ದು ನಿಂತು ಕೈಮುಗಿಯಬೇಕೆನಿಸುತ್ತದೆ. ಅವರು ಕೇಳುವುದು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು. ಅದು ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದನ್ನು ಅವರು ಕೇಳುವುದಿಲ್ಲ. ಆದ್ದರಿಂದ ಕೇಳದಿದ್ದರೂ ಬರೆಯುತ್ತಿದ್ದೇನೆ. ನಿವೃತ್ತರಿಗೆ ಉಳಿಯುವ ಸೌಲಭ್ಯ ಇದೊಂದೇ.

ನನ್ನ ಹೆಸರು ಜಲಜಾಕ್ಷಿ. ಅಪ್ಪ ಬಂಟ್ವಾಳದ ಹತ್ತಿರ ಹಂಚಿನ ಕಾರ್ಖಾನೆಯಲ್ಲಿದ್ದರು. ನಾನು ಗಣಿತದಲ್ಲಿ ಎಂ.ಎಸ್ಸಿ. ಮಾಡಿ ಕೆಂಪು ಕಲ್ಲಿನ ಕೋರೆಗಳಿದ್ದ ಒಂದು ಕಂಪನಿಗೆ ಸೇರಿದೆ. ಬಡ್ತಿಯ ಕತೆ ಹೇಳಿ ಬೇಸರ ಹಿಡಿಸುವುದಿಲ್ಲ. ಪ್ರತಿ ಬಡ್ತಿಗೂ ಕುರ್ಚಿ ಸ್ವಲ್ಪ ಮೆತ್ತಗಾಯಿತು, ಸೊಂಟ ಸ್ವಲ್ಪ ಗಟ್ಟಿಯಾಯಿತು, ಅಷ್ಟೇ.

ಕಂಪನಿಯ ಯಜಮಾನರು ಮೂಡುಬಿದಿರೆಯ ನಾಭಿರಾಜ ಬಲ್ಲಾಳರು. ಹಳೆಯ ಜೈನ ಮನೆತನ, ಊರಿಗೆಲ್ಲ ಅವರು ದಣಿಗಳು. ಸಂದರ್ಶನದಲ್ಲಿ ಅವರು ನನ್ನ ಸರ್ಟಿಫಿಕೇಟನ್ನು ಎರಡೂ ಬದಿ ತಿರುಗಿಸಿ ನೋಡಿ, ಗಣಿತ ಅಂದರೆ ದಿನದ ಲೆಕ್ಕ ಬರೆಯಲಿಕ್ಕೆ ಬರುತ್ತದಲ್ಲ ಎಂದು ಕೇಳಿದರು. ಬರುತ್ತದೆ ಎಂದೆ. ನನ್ನನ್ನು ಕ್ಯಾಷಿಯರ್ ಪಕ್ಕದಲ್ಲಿ ಕೂರಿಸಿದರು. ನಾನು ಅಲ್ಲಿ ಬೇರೇನೋ ಮಾಡುತ್ತಿದ್ದೇನೆಂದು ಅವರಿಗೆ ತಿಳಿಯಲು ಕೆಲವು ವರ್ಷಗಳೇ ಹಿಡಿದವು. ಗಣಿತ ಕಲಿತ ಹೆಂಗಸು ಟೀಚರಲ್ಲದೆ ಇನ್ನೇನಾದಾಳು ಎಂಬ ಲೋಕಜ್ಞಾನದ ಮೇಲೆ ಕಂಪನಿಯಿಡೀ ನನ್ನನ್ನು ಟೀಚರ್ ಎಂದೇ ಕರೆಯಿತು. ಒಂದು ದಿನವೂ ಪಾಠ ಮಾಡದೆ ಆ ಬಿರುದಿನಲ್ಲೇ ನಿವೃತ್ತಳಾದೆ.

ನಾನು ಮಾಡುತ್ತಿದ್ದದ್ದು ಇಷ್ಟು. ನಮ್ಮಲ್ಲಿ ಕೆಂಪು ಕಲ್ಲು ಕಡಿದು ಮನೆ ಕಟ್ಟುವವರಿಗೆ ಮಾರುತ್ತಿದ್ದರು, ಪುಡಿಯಾದದ್ದು ಸಿಮೆಂಟ್ ಕಾರ್ಖಾನೆಗೆ ಹೋಗುತ್ತಿತ್ತು. ಕಾರ್ಖಾನೆಯವರು ಮಣ್ಣಿನಲ್ಲಿ ಕಬ್ಬಿಣ ಇಷ್ಟೇ ಇರಬೇಕು, ಅಲ್ಯುಮಿನಾ ಇಷ್ಟಾದರೂ ಇರಬೇಕು ಎಂದು ಹಠ ಹಿಡಿಯುತ್ತಿದ್ದರು. ಬೆಳುವಾಯಿಯ ಕೋರೆಯಲ್ಲಿ ಕಬ್ಬಿಣ ಜಾಸ್ತಿ, ಬೆಳ್ತಂಗಡಿ ಕಡೆಯದರಲ್ಲಿ ಅಲ್ಯುಮಿನಾ ಜಾಸ್ತಿ. ಯಾವ ಕೋರೆಯಿಂದ ಎಷ್ಟು ಲೋಡು ತಂದು ಬೆರೆಸಿದರೆ ಕಾರ್ಖಾನೆಯವರೂ ಒಪ್ಪುತ್ತಾರೆ, ನಮಗೂ ಹೆಚ್ಚು ಉಳಿಯುತ್ತದೆ? ಇಷ್ಟು ಕಲ್ಲು, ಇಷ್ಟು ಲಾರಿ, ಇಷ್ಟು ದಿನ ಎಂಬ ಬೇಲಿಗಳ ಒಳಗೆ ಅತಿ ಹೆಚ್ಚಿನ ಲಾಭ ಎಲ್ಲಿ ಅಡಗಿದೆ ಎಂದು ಹುಡುಕುವ ಗಣಿತ ಇದು, ಮಕ್ಕಳು ಹೇಳುವ ಆಪ್ಟಿಮೈಸೇಶನ್ ಇದೇ. ಬೇಲಿಗಳಿಗೆ ನಾವು ನಿರ್ಬಂಧ ಎನ್ನುತ್ತೇವೆ. ಮೊದಮೊದಲು ಡ್ರಾಯಿಂಗ್ ಶೀಟುಗಳನ್ನು ಅಂಟಿಸಿ ನೆಲದ ಮೇಲೆ ಹಾಸಿ, ಮಂಡಿಯೂರಿ ಕೋಷ್ಟಕ ತುಂಬುತ್ತಿದ್ದೆ. ಫ್ಯಾನ್ ಹಾಕಿದರೆ ಶೀಟು ಹಾರುತ್ತಿತ್ತು, ಹಾಕದಿದ್ದರೆ ಬೆವರು ಬಿದ್ದು ಅಂಕೆ ಅಳಿಯುತ್ತಿತ್ತು. ಕ್ಯಾಷಿಯರ್ ಅದನ್ನು ರಂಗೋಲಿ ಎಂದುಕೊಂಡಿದ್ದ.

ಮೊದಲ ದೊಡ್ಡ ಯಡವಟ್ಟು ದಾರಿಯದ್ದು. ಬೆಳ್ತಂಗಡಿ ಕಡೆಯ ಲೋಡಿಗೆ ಅತಿ ಅಗ್ಗದ ದಾರಿ ಹುಡುಕಿದರೆ ಅದು ಧರ್ಮಸ್ಥಳದ ಮೇಲೆ ಹೋಯಿತು. ಕಾಗದದಲ್ಲಿ ಬಹಳ ಚಂದ ಕಾಣಿಸಿತು. ಅದು ಕಾರ್ತಿಕ ಮಾಸ, ಅಲ್ಲಿ ಲಕ್ಷದೀಪೋತ್ಸವ ಎಂಬುದು ಕಾಗದಕ್ಕೆ ಗೊತ್ತಿರಲಿಲ್ಲ. ಲಾರಿಗಳೆಲ್ಲ ಯಾತ್ರಿಕರ ಬಸ್ಸುಗಳ ಹಿಂದೆ ಸಿಕ್ಕಿಬಿದ್ದು, ಡ್ರೈವರುಗಳು ಇಳಿದು ಹೋಗಿ ದರ್ಶನ ಮಾಡಿ, ಊಟ ಮುಗಿಸಿ, ಪ್ರಸಾದ ಸಮೇತ ಹಿಂದೆ ಬಂದರು. ಲಾರಿಗಳು ವಿಟ್ಲದ ಅಬೂಬಕ್ಕರ್ ಹಾಜಿಯವರದ್ದು. ಅವರು ಕಂಪನಿಯ ಪಾಲುದಾರರೂ ಹೌದು. ನನ್ನ ಮೇಜಿನ ಎದುರು ಬಂದು ಕೂತು, ಬೈಯುವುದನ್ನು ಬಿಟ್ಟು ಮೆಲ್ಲನೆ ಕೇಳಿದರು:

“ಟೀಚರೇ, ನಿಮ್ಮ ಲೆಕ್ಕದಲ್ಲಿ ದೇವರಿಗೆ ಜಾಗ ಇಲ್ವಾ?”

ಅಂದಿನಿಂದ ಇಟ್ಟೆ. ದೀಪೋತ್ಸವದ ದಿನಗಳಿಗೆ ಒಂದು ನಿರ್ಬಂಧ, ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಒಂದು, ಊರಿನ ಭೂತಕೋಲಕ್ಕೆ ಒಂದು. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಈ ನಿರ್ಬಂಧಗಳು ತುಂಬಿದ ಮೇಲೆಯೇ ನನ್ನ ಲೆಕ್ಕ ನೆಲದ ಮೇಲೆ ನಡೆಯತೊಡಗಿತು.

ಎಲ್ಲಕ್ಕಿಂತ ದೊಡ್ಡ ನಿರ್ಬಂಧ ದಣಿಗಳದ್ದೇ. ಚಾತುರ್ಮಾಸದಲ್ಲಿ ಮಣ್ಣು ಅಗೆದರೆ ಲಕ್ಷಾಂತರ ಜೀವ ಸಾಯುತ್ತವೆ ಎಂದು ಮಳೆಗಾಲವಿಡೀ ಅವರು ಕೋರೆ ಮುಚ್ಚಿಸುತ್ತಿದ್ದರು. ಬಹಳ ದೊಡ್ಡ ತ್ಯಾಗ ಎಂದು ಊರು ಕೊಂಡಾಡುತ್ತಿತ್ತು. ನಮ್ಮ ಗಣಿತಕ್ಕೆ ಒಂದು ಕೆಟ್ಟ ಗುಣ ಉಂಟು. ಅದು ಪ್ರತಿಯೊಂದು ನಿರ್ಬಂಧಕ್ಕೂ ಬೆಲೆ ಹೇಳುತ್ತದೆ, ಅಂದರೆ ಆ ಬೇಲಿಯನ್ನು ಕಿತ್ತರೆ ಲಾಭ ಎಷ್ಟು ಏರೀತು ಎಂದು. ಇದಕ್ಕೆ ನೆರಳು ಬೆಲೆ ಎಂದು ಹೆಸರು. ದಣಿಗಳ ವ್ರತದ ನೆರಳು ಬೆಲೆ ಸೊನ್ನೆ ಬಂತು. ವ್ರತ ಇಲ್ಲದಿದ್ದರೂ ಆ ತಿಂಗಳುಗಳಲ್ಲಿ ಕೋರೆಯಲ್ಲಿ ನೀರು ತುಂಬಿರುತ್ತದೆ, ಯಾರೂ ಕಲ್ಲು ಕಡಿಯಲಾರರು. ಆಗಿನ್ನೂ ಸಣ್ಣ ಪ್ರಾಯ, ಹೋಗಿ ಖುಷಿಯಿಂದ ಹೇಳಿದೆ. ಅವರು ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಯಜಮಾನರ ಪುಣ್ಯಕ್ಕೆ ಬೆಲೆ ಕಟ್ಟಲು ಹೋಗಬೇಡಿ ಮಕ್ಕಳೇ. ಕಟ್ಟಿದರೂ ಉತ್ತರವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.

ಆಮೇಲೆ ಕಂಪ್ಯೂಟರ್ ಬಂತು. ನಾನು ವಾರಗಟ್ಟಲೆ ಮಂಡಿಯೂರಿ ಮಾಡುತ್ತಿದ್ದದ್ದನ್ನು ಅದು ನಾನು ಚಾ ಕುಡಿದು ಬರುವಷ್ಟರಲ್ಲಿ ಮುಗಿಸಿತು. ಸಂತೋಷವೇ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿದೆ. ನಾನು ಶೀಟಿನಲ್ಲಿ ತೋರಿಸಿದ್ದಕ್ಕೆ ದಣಿಗಳು ಹತ್ತು ಪ್ರಶ್ನೆ ಹಾಕುತ್ತಿದ್ದರು. ಅದೇ ಉತ್ತರ ಪ್ರಿಂಟಾಗಿ ಬಂದ ಮೇಲೆ ಪ್ರಶ್ನೆಯೇ ಇಲ್ಲ. ಟೀಚರ್ ತಪ್ಪಬಹುದು, ಕಾಗದ ತಪ್ಪಲಿಕ್ಕಿಲ್ಲ.

ನನ್ನ ಸರ್ವಿಸಿನ ಕೊನೆಗಾಲದಲ್ಲಿ ದಣಿಗಳ ತಮ್ಮನ ಮಗ ನಿತಿನ್ ಆಸ್ಟ್ರೇಲಿಯಾದಲ್ಲಿ ಗಣಿಶಾಸ್ತ್ರ ಓದಿ ಬಂದು ನನ್ನ ಮೇಲಧಿಕಾರಿಯಾದ. ಒಳ್ಳೆಯ ಹುಡುಗ, ಮರ್ಯಾದಸ್ಥ. ಒಂದೇ ಒಂದು ತೊಂದರೆ, ಅವನಿಗೆ ಜಗತ್ತು ಚೌಕ ಚೌಕವಾಗಿ ಕಾಣುತ್ತಿತ್ತು. ಅವನ ಹೊಸ ಸಾಫ್ಟ್‌ವೇರಿನಲ್ಲಿ ಬೆಳುವಾಯಿಯ ಗುಡ್ಡೆಯನ್ನೆಲ್ಲ ಸಣ್ಣ ಸಣ್ಣ ಪೆಟ್ಟಿಗೆಗಳಾಗಿ ಕತ್ತರಿಸಿ, ಲಾಭ ಬರುವುದಕ್ಕೆ ಹಸಿರು, ನಷ್ಟಕ್ಕೆ ಕೆಂಪು ಬಣ್ಣ ಹಚ್ಚಿದ್ದ. ಕೋರೆ ಎಲ್ಲಿಯವರೆಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂದು ಅದೇ ಹೇಳುತ್ತಿತ್ತು. ದಣಿಗಳು ಕನ್ನಡಕ ಹಾಕಿ ನೋಡಿ, ದೀಪಾವಳಿಯ ಗೂಡುದೀಪದ ಹಾಗುಂಟು ಎಂದು ಮೆಚ್ಚಿದರು.

ಬೆಳುವಾಯಿಯ ಆ ಕೋರೆಯ ಅಂಚಿನಲ್ಲೇ ಐಸಮ್ಮನ ಮನೆ. ಗಂಡ ತೀರಿಹೋದ ಮೇಲೆ ಮನೆಯ ಮುಂದಿನ ಚಾವಡಿಯಲ್ಲೇ ಕೋರೆಯವರಿಗೆ ಗಂಜಿ ಊಟ ಹಾಕಿ ಬದುಕಿದವಳು. ಲೋಡಿಂಗಿನವರಿಂದ ದಣಿಗಳ ಮನೆಯವರವರೆಗೆ ತನಗಿಂತ ಸಣ್ಣ ಗಂಡಸರನ್ನೆಲ್ಲ ‘ಮೋನೇ’, ಅಂದರೆ ಮಗನೇ, ಎಂದೇ ಕರೆಯುತ್ತಿದ್ದಳು. ಅವಳ ಬಂಗುಡೆ ಸಾರಿನ ಮುಂದೆ ನಮ್ಮ ಕಂಪನಿಯ ಯಾವ ಉತ್ಪನ್ನವೂ ನಿಲ್ಲುತ್ತಿರಲಿಲ್ಲ. ನಾನು ಕೋರೆಗೆ ಹೋದ ದಿನ ಊಟ ಅಲ್ಲೇ.

ಹೊಸ ಲೆಕ್ಕದ ಪ್ರಕಾರ ಕೋರೆಯ ಗೋಡೆಯನ್ನು ಹೆಚ್ಚುಕಡಿಮೆ ನೆಟ್ಟಗೆ ಕಡಿಯಬೇಕಿತ್ತು. ಗೋಡೆ ಇಳಿಜಾರಾದಷ್ಟೂ ಕಲ್ಲು ಬಿಟ್ಟುಕೊಡಬೇಕು, ನೆಟ್ಟಗಾದಷ್ಟೂ ಲಾಭ. ಗೋಡೆ ಐಸಮ್ಮನ ಅಡುಗೆಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನವರೆಗೆ ಬಂದು ನಿಲ್ಲುತ್ತಿತ್ತು. ನಿತಿನ್ ಹೆಮ್ಮೆಯಿಂದ, ನೋಡಿ ಟೀಚರ್, ಮನೆಯನ್ನು ಮುಟ್ಟಲೇ ಇಲ್ಲ ಎಂದ.

ಈಗ ನಮ್ಮ ನೆಲದ ಬಗ್ಗೆ ಒಂದು ಮಾತು. ಮೇಲೆ ಗಟ್ಟಿ ಕೆಂಪು ಕಲ್ಲು, ಅದರ ಕೆಳಗೆ ಶೇಡಿಮಣ್ಣು. ಬಿಳಿ, ಹಳದಿ, ಗುಲಾಬಿ ಬಣ್ಣಗಳಲ್ಲಿ ನೋಡಲು ಬಹಳ ಚಂದ. ಬೇಸಿಗೆಯಲ್ಲಿ ಪಿಕ್ಕಾಸಿಗೂ ಬಗ್ಗುವುದಿಲ್ಲ. ಮಳೆ ಕುಡಿದರೆ ಗಂಜಿ. ಇದು ನಮ್ಮ ಕಡೆ ಬಾವಿ ತೋಡುವವರಿಗೆ, ಬಾವಿ ತೋಡಿಸುವವರಿಗೆ, ಬಾವಿಗೆ ಇಣುಕಿದವರಿಗೆಲ್ಲ ಗೊತ್ತು. ದಣಿಗಳಿಗೆ ಗೊತ್ತು, ಹಾಜಿಯವರಿಗೆ ಗೊತ್ತು, ಆಸ್ಟ್ರೇಲಿಯಾಕ್ಕೆ ಹೋಗುವ ಮೊದಲು ನಿತಿನ್‌ಗೂ ಗೊತ್ತಿತ್ತು.

ಮಳೆಗಾಲದ ಶೇಡಿಗೆ ಎಷ್ಟು ಬಲ ಎಂದು ಲೆಕ್ಕದಲ್ಲಿ ಹಾಕಿದ್ದೀರಿ ಎಂದು ಅವನನ್ನು ಕೇಳಿದೆ. ಅವನು ತೆಗೆದು ತೋರಿಸಿದ. ಬೇಸಿಗೆಯ ಬಲವೇ ಮಳೆಗಾಲಕ್ಕೂ ಇತ್ತು. ಇದೆಲ್ಲಿಂದ ಬಂತು ಎಂದರೆ, ಸ್ಯಾಂಪಲ್ ತೆಗೆದದ್ದು ಮಾರ್ಚಿನಲ್ಲಿ ಎಂದ. ಮಳೆಗಾಲದಲ್ಲಿ ಯಾಕೆ ತೆಗೆಯಲಿಲ್ಲ? ಮಳೆಗಾಲದಲ್ಲಿ ಕೋರೆ ಬಂದ್ ಅಲ್ವಾ ಟೀಚರ್, ಇಳಿಯುವುದು ಅಪಾಯ ಎಂದ. ಮಳೆಯಲ್ಲಿ ಗೋಡೆ ಎಷ್ಟು ಅಪಾಯ ಎಂದು ತಿಳಿಯಲು ಆಗದಿದ್ದದ್ದು, ಮಳೆಯಲ್ಲಿ ಗೋಡೆಯ ಬುಡಕ್ಕೆ ಹೋಗುವುದು ಅಪಾಯ ಎಂಬ ಕಾರಣಕ್ಕೆ. ನಾನು ಅವನ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

ಕನಿಷ್ಠ ಆ ಮಾರ್ಚಿನ ಮಣ್ಣನ್ನೇ ನೀರಿನಲ್ಲಿ ನೆನೆಸಿ ಪರೀಕ್ಷೆ ಮಾಡಿಸಬಹುದಿತ್ತಲ್ಲ ಎಂದೆ. ಮಾಡಿಸಿದ್ದ. ನೆನೆಸಿದ ಮಣ್ಣು ಅಚ್ಚಿನಿಂದ ತೆಗೆಯುವಾಗಲೇ ಕುಸಿದು ಹೋದದ್ದರಿಂದ ಯಂತ್ರಕ್ಕೆ ಏರಿಸಲು ಆಗಲಿಲ್ಲ, ಆದ್ದರಿಂದ ಪರೀಕ್ಷೆ ನಡೆದಿಲ್ಲ ಎಂದು ಲ್ಯಾಬಿನವರು ಪ್ರಾಮಾಣಿಕವಾಗಿ ಆ ಜಾಗವನ್ನು ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟರೆ ಸಾಫ್ಟ್‌ವೇರಿಗೆ ಸಮಾಧಾನ ಇಲ್ಲ. ಅದು ಪಕ್ಕದ ಅಂಕೆ ನೋಡಿ ತಾನೇ ತುಂಬಿಕೊಳ್ಳುತ್ತದೆ. ಪಕ್ಕದಲ್ಲಿದ್ದದ್ದು ಒಣ ಮಣ್ಣಿನ ಬಲ. ಹೀಗೆ, ಎದ್ದು ನಿಲ್ಲಲೂ ಆಗದೆ ಬಿದ್ದ ಮಣ್ಣಿಗೆ ಪೈಲ್ವಾನನ ಬಲ ಬಂತು, ಆ ಬಲದ ಮೇಲೆ ಐಸಮ್ಮನ ಮನೆ ನಿಂತಿತು.

ಮೀಟಿಂಗ್ ಕರೆಸಿದೆ. ದಣಿಗಳು, ಹಾಜಿಯವರು, ನಿತಿನ್, ನಾನು. ಎಲ್ಲ ವಿವರಿಸಿದ ಮೇಲೆ ದಣಿಗಳು ಸ್ವಲ್ಪ ರೇಗಿದರು.

“ಶೇಡಿ ಮಳೆಗೆ ಕರಗ್ತದೆ ಅಂತ ಯಾರಿಗೆ ಗೊತ್ತಿಲ್ಲ ಟೀಚರ್?”

“ಕಂಪ್ಯೂಟರಿಗೆ ಗೊತ್ತಿಲ್ಲ ದಣಿಗಳೇ.”

“ಹಾಗಾದ್ರೆ ಅದಕ್ಕೆ ಹೇಳಿ.”

“ಹೇಳಿದ್ರೆ ಲಾಭ ಕಮ್ಮಿ ತೋರಿಸ್ತದೆ.”

ಹಾಜಿಯವರು ಎಷ್ಟು ಕಮ್ಮಿ ಎಂದು ಕೇಳಿದರು. ಗೋಡೆಯನ್ನು ಇಳಿಜಾರು ಮಾಡಿ ಮನೆಯಿಂದ ದೂರ ಸರಿಸಿದರೆ ಎಷ್ಟು ಲೋಡು ಬಿಟ್ಟುಕೊಡಬೇಕಾಗುತ್ತದೆ ಎಂದು ನೆರಳು ಬೆಲೆ ತೆಗೆದಿಟ್ಟಿದ್ದೆ. ಹೇಳಿದೆ. ಕಂಪನಿ ಮುಳುಗಿಹೋಗುವಂಥದ್ದೇನೂ ಅಲ್ಲ, ಆದರೆ ಕಣ್ಣಿಗೆ ಕಾಣುವಂಥದ್ದು. ಹಾಜಿಯವರು ಗಡ್ಡ ನೀವಿಕೊಂಡು ದಣಿಗಳನ್ನು ನೋಡಿದರು. ದಣಿಗಳು ಕಿಟಕಿಯ ಹೊರಗೆ ನೋಡಿದರು. ಇರುವೆಗೆ ನೋವಾದೀತೆಂದು ದಾರಿ ನೋಡಿ ಕಾಲಿಡುವ ಮನುಷ್ಯ ಅವರು, ಅದರಲ್ಲಿ ನಾಟಕ ಇರಲಿಲ್ಲ. ಆದರೆ ಇರುವೆ ಕಾಲಬುಡದಲ್ಲಿ ಕಾಣುತ್ತದೆ. ಐಸಮ್ಮ ಆ ಪರದೆಯ ಮೇಲೆ ಎಲ್ಲೂ ಕಾಣುತ್ತಿರಲಿಲ್ಲ. ಕೊನೆಗೆ, ಈ ಸಲದ ಕಡಿತ ಮುಗಿಯಲಿ, ಮಳೆ ಕಳೆದ ಮೇಲೆ ನೋಡುವ ಎಂದರು. ನಮ್ಮ ಕಡೆ ‘ನೋಡುವ’ ಎಂದರೆ ವಿಷಯ ಮುಗಿಯಿತು ಎಂದರ್ಥ. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಎಲ್ಲರೂ ಬೊಂಡದ ಎಳನೀರು ಕುಡಿದು ಎದ್ದರು.

ನನಗೆ ಸಿಟ್ಟು ಬಂತು. ಅದಕ್ಕಿಂತ ಜಾಸ್ತಿ ಹೆದರಿಕೆಯಾಯಿತು. ಮೇ ತಿಂಗಳ ಕೊನೆಗೆ ಗೋಡೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂದು ನಿಂತಿತು, ಲೆಕ್ಕ ಹೇಳಿದ ಹಾಗೆಯೇ. ಮೊದಲ ಮಳೆಯ ಮೋಡ ಕಟ್ಟಿದ ದಿನ ನಾನು ಯಾರಿಗೂ ಹೇಳದೆ ಬಸ್ಸು ಹತ್ತಿ ಬೆಳುವಾಯಿಗೆ ಹೋದೆ. ಐಸಮ್ಮ ಅಂಗಳದಲ್ಲಿ ಕಟ್ಟಿಗೆ ಒಳಗಿಡುತ್ತಿದ್ದಳು. ಮಳೆಗಾಲ ಮುಗಿಯುವವರೆಗೆ ವಿಟ್ಲದ ಮಗಳ ಮನೆಗೆ ಹೋಗಿ ಇರು ಎಂದೆ. ಅವಳಿಗೆ ನಗು ಬಂತು. ಸಣ್ಣ ದಣಿ, ಅಂದರೆ ನಿತಿನ್, ತಾನೇ ಬಂದು ಹೇಳಿ ಹೋಗಿದ್ದಾನೆ, ಕಂಪ್ಯೂಟರಿನಲ್ಲಿ ನೋಡಿ ಆಗಿದೆ, ಮನೆಗೆ ಏನೂ ಆಗುವುದಿಲ್ಲ ಎಂದಳು. ನಾನು ಶೇಡಿಯ ವಿಷಯ ಹೇಳಿದೆ. ಅವಳು ತಲೆದೂಗಿದಳು, ಅವಳಿಗೂ ಗೊತ್ತಿತ್ತಲ್ಲ. ಆದರೂ ಕಂಪ್ಯೂಟರ್ ಹೇಳಿದ ಮೇಲೆ ಏನಾದರೂ ವ್ಯವಸ್ಥೆ ಮಾಡಿರಬೇಕು ಎಂದುಕೊಂಡಿದ್ದಳು. ಆಮೇಲೆ ನನ್ನನ್ನೇ ಕೇಳಿದಳು:

“ಆ ಕಂಪ್ಯೂಟರ್ ನಿಮ್ಮದೇ ಅಲ್ವಾ ಟೀಚರ್?”

“ನನ್ನದೇ ಐಸಮ್ಮ. ಅದಕ್ಕೇ ಹೇಳ್ತಿದ್ದೇನೆ, ಹೋಗು.”

ಮುಂದಿನ ವಾರ ಅವಳು ಕೋಳಿಗಳನ್ನು ಪಕ್ಕದ ಮನೆಗೆ ಕೊಟ್ಟು, ಬಾಗಿಲಿಗೆ ಬೀಗ ಹಾಕಿ ವಿಟ್ಲದ ಬಸ್ಸು ಹತ್ತಿದಳೆಂದು ಕೋರೆಯ ವಾಚ್‌ಮನ್ ಫೋನ್ ಮಾಡಿದ. ನಿತಿನ್‌ಗೆ ವಿಷಯ ತಿಳಿದು, ಟೀಚರ್ ಸುಮ್ಮನೆ ಜನರನ್ನು ಹೆದರಿಸುತ್ತಾರೆ, ರಿಟೈರ್ಮೆಂಟ್ ಹತ್ತಿರ ಬಂತಲ್ಲ ಎಂದು ದಣಿಗಳಲ್ಲಿ ಹೇಳಿದನಂತೆ.

ಬಿಡದೆ ಮಳೆ ಸುರಿಯುವ ಆಟಿ ತಿಂಗಳಿನ ಒಂದು ಮಧ್ಯಾಹ್ನ ಗೋಡೆ ಬಂತು. ಬಿತ್ತು ಎನ್ನುವ ಹಾಗಿಲ್ಲ, ನೋಡಿದ ವಾಚ್‌ಮನ್ ಪ್ರಕಾರ ಅದು ಮೆಲ್ಲನೆ ಹರಿದು ಬಂತು. ಒಗೆಯುವ ಕಲ್ಲು, ಅಡುಗೆಮನೆ, ಅದರ ಪಕ್ಕ ಅವಳು ನಮಾಜು ಮಾಡುತ್ತಿದ್ದ ಕೋಣೆ, ಎಲ್ಲ ಕೋರೆಯ ಕೆಸರು ನೀರಿನೊಳಗೆ ಹೋದವು. ಮುಂದಿನ ಚಾವಡಿ ಮಾತ್ರ ಉಳಿಯಿತು. ಸುದ್ದಿ ಬಂದ ಕೂಡಲೇ, ಐಸಮ್ಮ ವಿಟ್ಲದಲ್ಲಿದ್ದಾಳೆಂದು ಗೊತ್ತಿದ್ದರೂ, ಎರಡೆರಡು ಸಲ ಅವಳ ಮಗಳಿಗೆ ಫೋನ್ ಮಾಡಿ ಐಸಮ್ಮನ ದನಿ ಕೇಳಿದೆ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ಕಂಪನಿಗಳಿಗೆ ಬಹಳ ಚೆನ್ನಾಗಿ ಬರುತ್ತದೆ. ಒಂದು ತನಿಖಾ ವರದಿ ತಯಾರಾಯಿತು. ಕಾರಣ: ಅನಿರೀಕ್ಷಿತ ಮಳೆ. ದಕ್ಷಿಣ ಕನ್ನಡದಲ್ಲಿ, ಆಟಿ ತಿಂಗಳಿನಲ್ಲಿ, ಮಳೆ ಅನಿರೀಕ್ಷಿತ. ಪರಿಣಾಮ: ಕಂಪನಿಯ ಮುಂಜಾಗ್ರತೆಯಿಂದಾಗಿ ಜೀವಹಾನಿ ಇಲ್ಲ. ಆ ಮುಂಜಾಗ್ರತೆ ಬಸ್ಸಿನಲ್ಲಿ ನಿಂತುಕೊಂಡು ಬೆಳುವಾಯಿಗೆ ಹೋಗಿ ಬಂದದ್ದು ವರದಿಯಲ್ಲಿ ಇರಲಿಲ್ಲ.

ಮಳೆ ಕಡಿಮೆಯಾದ ಮೇಲೆ ನಿತಿನ್ ಹೊಸ ಯೋಜನೆ ಮಾಡಿದ. ಗೋಡೆಯ ಅಂಕೆಯನ್ನು ಈ ಸಲ ಸರಿಪಡಿಸಿದ್ದ, ಪಾಪ, ಅದರಲ್ಲಿ ಮೋಸ ಮಾಡಲಿಲ್ಲ. ಆದರೂ ಲಾಭ ಹಿಂದಿಗಿಂತ ಜಾಸ್ತಿ ಬಂದಿತ್ತು. ನನಗೆ ಅರ್ಥವಾಗಲಿಲ್ಲ. ಇಳಿಜಾರು ಮಾಡಿದ ಮೇಲೆ ಲಾಭ ಇಳಿಯಬೇಕಲ್ಲ? ಪರದೆಯ ಹತ್ತಿರ ಹೋಗಿ ನೋಡಿದೆ. ಮನೆ ಇನ್ನಿಲ್ಲವಾದ್ದರಿಂದ ಮನೆಯ ನಿರ್ಬಂಧವನ್ನು ತೆಗೆದಿದ್ದ. ಕೋರೆ ಐಸಮ್ಮನ ಅಂಗಳ ದಾಟಿ ರಸ್ತೆಯವರೆಗೆ ಹೋಗಿತ್ತು. ಜಾಗವನ್ನು ಅವಳಿಂದ ಕೊಳ್ಳುವ ಖರ್ಚನ್ನೂ ಹಾಕಿದ್ದ. ಮುರಿದ ಮನೆಯಾದ್ದರಿಂದ ಅದು ಅಗ್ಗ. ತಪ್ಪು ಎಲ್ಲೂ ಇರಲಿಲ್ಲ. ನನ್ನ ಗಣಿತವೇ ಅದು, ನಾನು ಜೀವಮಾನವಿಡೀ ಅನ್ನ ತಿಂದ ಗಣಿತ.

ಈ ಸಲ ನಾನು ವಾದಕ್ಕೆ ಹೋಗಲಿಲ್ಲ. ದಣಿಗಳು ಯೋಜನೆ ನೋಡುವ ದಿನ ವಿಟ್ಲಕ್ಕೆ ಹೋಗಿ ಐಸಮ್ಮನನ್ನು ಕರೆದುಕೊಂಡು ಬಂದೆ. ಆಫೀಸಿನಲ್ಲಿ ಎಲ್ಲರೂ ಎದ್ದು ನಿಂತರು, ಹಾಜಿಯವರು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ನಾನು ಅವಳನ್ನು ಪರದೆಯ ಎದುರು ಕೂರಿಸಿ, ಶುರು ಮಾಡಿ ಎಂದು ನಿತಿನ್‌ಗೆ ಹೇಳಿದೆ. ಅವನು ದೊಡ್ಡಪ್ಪನ ಮುಖ ನೋಡಿದ. ಅಲ್ಲಿ ಸಹಾಯ ಸಿಗದೆ ಶುರು ಮಾಡಿದ. ಗುಡ್ಡೆ ತಿರುಗಿತು, ಬಣ್ಣಗಳು ಬಂದವು. ಐಸಮ್ಮ ಬಹಳ ಆಸಕ್ತಿಯಿಂದ ನೋಡಿದಳು. ರಸ್ತೆ ಗುರುತು ಹಿಡಿದಳು, ಪಕ್ಕದ ಮನೆಯ ಗೇರುಮರದ ಜಾಗ ಗುರುತು ಹಿಡಿದಳು. ನನ್ನ ಮನೆ ಎಲ್ಲಿ ಎಂದು ಕೇಳಿದಳು. ನಿತಿನ್ ಬೆರಳಿಟ್ಟು ತೋರಿಸಿದ. ಅಲ್ಲಿ ಪೂರ್ತಿ ಹಸಿರು ಇತ್ತು. ಹಸಿರು ಎಂದರೆ ಏನು ಎಂದಳು. ಲಾಭ ಎಂದು ಅವನು ಹೇಳಿದ್ದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ, ಅವಳಿಗೆ ಕೇಳಿಸಿತು. ದನಿಯಲ್ಲಿ ಸಿಟ್ಟು ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದಳು:

“ಮೋನೇ, ಆ ದಿನ ನಾನು ಅಲ್ಲಿ ನಮಾಜಿಗೆ ಕೂತಿದ್ದಿದ್ದರೆ ಇದು ಯಾವ ಬಣ್ಣ ತೋರಿಸ್ತಿತ್ತು?”

ಉತ್ತರವನ್ನು ನಾನೇ ಹೇಳಬೇಕಾಯಿತು.

“ಇದೇ ಬಣ್ಣ ಐಸಮ್ಮ.”

ಆ ವರ್ಷದ ಯೋಜನೆಯನ್ನು ನಾನೇ ಮಾಡಿದೆ, ನನ್ನ ಕೊನೆಯ ಕೆಲಸ ಅದು. ಐಸಮ್ಮನ ಅಂಗಳ ಐಸಮ್ಮನದ್ದೇ, ಗೋಡೆ ಅಲ್ಲಿಂದ ಬಹಳ ಹಿಂದೆ, ರಸ್ತೆಯ ಆಚೆ ದಣಿಗಳ ಸ್ವಂತ ಜಾಗದಲ್ಲಿ ಅವಳಿಗೆ ಹೊಸ ಮನೆ. ಕಂಪನಿಯ ಚರಿತ್ರೆಯಲ್ಲಿ ಅಷ್ಟು ಕಮ್ಮಿ ಲಾಭದ ಯೋಜನೆಯನ್ನು ಯಾರೂ ಮೇಜಿನ ಮೇಲಿಟ್ಟಿರಲಿಕ್ಕಿಲ್ಲ. ದಣಿಗಳು ಲಾಭದ ಅಂಕೆಯ ಮೇಲೆ ಅಂಗೈ ಇಟ್ಟು ಮುಚ್ಚಿಕೊಂಡು, ಕೆಳಗೆ ಸಹಿ ಹಾಕಿದರು.